ಬಾಯಿಮಾತಿನ ನಿರಾಕರಣೆಯಿಂದ ಲಿಖಿತ ಆದೇಶದವರೆಗೆ: ಮಗಳ ಶಾಲಾ ದಾಖಲಾತಿಯ ವಿಚಾರಣೆಗೆ ನಾನು ಸಿದ್ಧನಾದ ಬಗೆ

2024ರ ಯುಗಾದಿಯ ಹಿಂದಿನ ದಿನ, ಏಪ್ರಿಲ್ 8ರಂದು, ತುಮಕೂರಿನ ನಮ್ಮ ಬಡಾವಣೆಯ ಅನುದಾನಿತ ಕನ್ನಡ ಶಾಲೆಗೆ ನಾನು, ನನ್ನ ಹೆಂಡತಿ ಮತ್ತು ಮಗಳು ಹೋಗಿದ್ದೆವು. ಮಾರ್ಚ್‌ನಲ್ಲಿ ಮಗಳಿಗೆ ಆರು ವರ್ಷ ತುಂಬಿತ್ತು. ಅವಳು ಎರಡೂ ಕಿವಿಗಳಿಗೆ ಶ್ರವಣ ಸಾಧನ ಹಾಕಿಕೊಳ್ಳುತ್ತಾಳೆ. ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕೂರಿಸಿ, ಮಗುವಿನ ಹೆಸರು ಕೇಳಿ, ಕಿವಿಯ ಹಿಂದಿನ ಯಂತ್ರವನ್ನು ನೋಡಿದ ಮೇಲೆ, ಕೈಗೆತ್ತಿಕೊಂಡಿದ್ದ ಅರ್ಜಿ ನಮೂನೆಯನ್ನು ಮತ್ತೆ ಮೇಜಿನ ಖಾನೆಯೊಳಗೆ ಇಟ್ಟರು. "ತಪ್ಪು ತಿಳ್ಕೋಬೇಡಿ, ಇಂಥ ಮಕ್ಕಳಿಗೆ ಬೇಕಾದ ಟೀಚರ್ ನಮ್ಮಲ್ಲಿಲ್ಲ. ಮಗುಗೇ ಕಷ್ಟ ಆಗುತ್ತೆ. ಕಿವಿ ಕೇಳಿಸದ ಮಕ್ಕಳ ಶಾಲೆಗೆ ಸೇರಿಸಿ, ಅಲ್ಲಿ ಚೆನ್ನಾಗಿ ನೋಡ್ಕೋತಾರೆ" ಎಂದರು. ಅವರ ದನಿಯಲ್ಲಿ ಒರಟುತನವಿರಲಿಲ್ಲ. ಮಗಳು ಆ ಮಾತುಗಳಲ್ಲಿ ಅರ್ಧವನ್ನಾದರೂ ಕೇಳಿಸಿಕೊಂಡಳು ಎಂಬುದು ಮನೆಗೆ ಬಂದ ಮೇಲೆ ಅವಳು ಕೇಳಿದ ಪ್ರಶ್ನೆಯಿಂದ ನಮಗೆ ಗೊತ್ತಾಯಿತು. "ನಾನು ಯಾವ ಶಾಲೆಗೆ ಹೋಗಬಾರದು ಅಂದ್ರು ಅಮ್ಮ?" ಎಂದು ಅವಳು ಕೇಳಿದ್ದಳು.

ಅಲ್ಲಿಂದ ಜೂನ್ 21ರವರೆಗೆ, ಅಂದರೆ ದಾಖಲಾತಿಗೆ ಆದೇಶವಾದ ದಿನದವರೆಗೆ, ನಾವು ಮಾಡಿದ್ದೇನು, ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಬಟವಾಡಿಯ ಎ.ಪಿ.ಎಂ.ಸಿ. ಯಾರ್ಡಿನ ಒಂದು ಹುಣಸೆಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ವಕೀಲರನ್ನು ಇಟ್ಟುಕೊಳ್ಳದೆಯೇ ಈ ಕೆಲಸ ಮಾಡಿದೆವು. ಇಂಥ ವಿಚಾರಣೆಗೆ ತಂದೆತಾಯಿಯೇ ಹೋಗಿ ಮಾತನಾಡಬಹುದು.

ಮೊದಲ ಎರಡು ದಿನ ಸಿಟ್ಟಿನಲ್ಲಿಯೇ ಕಳೆದವು. ಗುರುತಿನವರೊಬ್ಬರು ಆಡಳಿತ ಮಂಡಳಿಯ ಸದಸ್ಯರಿಗೆ ಹೇಳಿಸುತ್ತೇನೆ ಎಂದರು; ಇನ್ನೊಬ್ಬರು ಸುಮ್ಮನೆ ಬೇರೆ ಶಾಲೆ ನೋಡಿ ಎಂದರು. ನನಗೆ ದಾರಿ ಹೊಳೆದದ್ದು ನನ್ನ ಕಸುಬಿನಿಂದ. ಮಂಡಿಯಲ್ಲಿ ರೈತ ತಂದ ಹುಣಸೆಹಣ್ಣು ಎಷ್ಟೇ ಇರಲಿ, ತೂಕದ ಚೀಟಿ ಆಗುವವರೆಗೆ ಅದಕ್ಕೆ ಲೆಕ್ಕವಿಲ್ಲ. ಮಾತಿನಲ್ಲಿ ಆದ ದರ ಸಂಜೆಯ ಹೊತ್ತಿಗೆ ಬೇರೆಯಾಗಿರುತ್ತದೆ. ಶಾಲೆಯವರು ನಮಗೆ ಹೇಳಿದ್ದೂ ಬಾಯಿಮಾತು. ನಾಳೆ ಯಾರಾದರೂ ಕೇಳಿದರೆ "ನಾವು ಬೇಡವೆನ್ನಲಿಲ್ಲ, ಅವರೇ ಅರ್ಜಿ ಕೊಡಲಿಲ್ಲ" ಎಂದು ಹೇಳಬಹುದು, ಹಾಗೆ ಹೇಳಿದರೆ ಅದು ಸುಳ್ಳೂ ಅಲ್ಲ, ಏಕೆಂದರೆ ಅರ್ಜಿ ನಮೂನೆ ನಮ್ಮ ಕೈಗೆ ಬಂದೇ ಇರಲಿಲ್ಲ.

ಏಪ್ರಿಲ್ 10ರಂದು ಬಿಳಿ ಹಾಳೆಯ ಮೇಲೆಯೇ ಅರ್ಜಿ ಬರೆದೆ. ಇಂದ, ಗೆ, ವಿಷಯ ಎಂದು ಕ್ರಮವಾಗಿ ಹಾಕಿ, ಮಗಳನ್ನು 2024–25ನೇ ಸಾಲಿಗೆ ಒಂದನೇ ತರಗತಿಗೆ ದಾಖಲಿಸಿಕೊಳ್ಳಬೇಕೆಂದೂ, ಏಪ್ರಿಲ್ 8ರಂದು ನಾವು ಖುದ್ದಾಗಿ ಬಂದಾಗ ನಮೂನೆ ದೊರೆಯಲಿಲ್ಲವೆಂದೂ, ದಾಖಲಾತಿ ನೀಡಲು ಸಾಧ್ಯವಿಲ್ಲವಾದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದೂ ಮೂರೇ ವಾಕ್ಯದಲ್ಲಿ ಕೋರಿದೆ. ಜನನ ಪ್ರಮಾಣ ಪತ್ರದ ಜೆರಾಕ್ಸ್ ಲಗತ್ತಿಸಿ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. (ಈಗ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿದ್ದಾರೆ, ಕಳುಹಿಸಿದ್ದಕ್ಕೂ ತಲುಪಿದ್ದಕ್ಕೂ ರುಜುವಾತು ಸಿಗುವಂತೆ ಕೇಳಿ ಪಡೆಯಬೇಕು.) ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನವಿತ್ತು, ಬೇಸಿಗೆ ರಜೆಯೂ ಇತ್ತು. ಉತ್ತರ ಬರುವುದೇ ಇಲ್ಲವೇನೋ ಎಂದುಕೊಂಡಿದ್ದಾಗ 30ರಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಸಹಿಯಿರುವ ಹಿಂಬರಹ ಬಂತು. ಅದರಲ್ಲಿ ಎರಡು ವಾಕ್ಯಗಳಿದ್ದವು: ಮಗುವಿಗೆ ಶ್ರವಣ ದೋಷವಿರುವುದರಿಂದಲೂ ಸಂಸ್ಥೆಯಲ್ಲಿ ವಿಶೇಷ ಶಿಕ್ಷಕರು ಇಲ್ಲದಿರುವುದರಿಂದಲೂ ದಾಖಲಾತಿ ನೀಡಲು ಸಾಧ್ಯವಾಗುವುದಿಲ್ಲ ಎಂಬುದು ಒಂದು, ಮಗುವಿನ ಗ್ರಹಿಕೆಯನ್ನು ಪರೀಕ್ಷಿಸಿದ ನಂತರ ಮುಂದಿನ ಸಾಲಿಗೆ ಪರಿಶೀಲಿಸಬಹುದು ಎಂಬುದು ಇನ್ನೊಂದು.

ಆ ಹಾಳೆಯನ್ನು ಓದಿ ನನ್ನ ಹೆಂಡತಿ ಅತ್ತಳು. ನನಗೂ ಸಂಕಟವಾಯಿತು. ಆದರೆ ಇಡೀ ಪ್ರಕರಣದಲ್ಲಿ ನಮಗೆ ಅದಕ್ಕಿಂತ ಬೆಲೆಯುಳ್ಳ ಕಾಗದ ಮತ್ತೊಂದು ಸಿಗಲಿಲ್ಲ. ಮುಂದಿನ ಎಲ್ಲ ಸಿದ್ಧತೆಯೂ ಆ ಎರಡು ವಾಕ್ಯಗಳಿಗೆ ಉತ್ತರ ಕೊಡುವುದೇ ಆಗಿತ್ತು.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳಲು ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರ ಬಳಿಗೆ ಹೋದೆ. ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುವುದು. ಅವರು ನನ್ನ ಕೈಗೆ ಎರಡು ಕಾಯ್ದೆಗಳನ್ನು ಕೊಟ್ಟು, "ಪೂರ್ತಿ ಓದಪ್ಪ. ಯಾರೋ ಹೇಳಿದ್ದನ್ನ ಹೋಗಿ ಅಲ್ಲಿ ಹೇಳಬೇಡ" ಎಂದರು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, ಒಂದು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಇನ್ನೊಂದು. ಮಂಡಿ ಮುಗಿಸಿ ಬಂದು ರಾತ್ರಿ ಓದಿದೆ. ಶಿಕ್ಷಣ ಹಕ್ಕು ಎಂದ ಕೂಡಲೇ ನಮ್ಮಲ್ಲಿ ಎಲ್ಲರೂ ಖಾಸಗಿ ಶಾಲೆಯ ಶೇಕಡ 25ರ ಸೀಟನ್ನೇ ನೆನೆಯುತ್ತಾರೆ. ಅದು ಬೇರೆ ವಿಷಯ. ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಅನುದಾನರಹಿತ ಶಾಲೆಗಳಿಗೆ ಆ ಹೊಣೆ ಇಲ್ಲವೆಂದು 2019–20ರ ಸಾಲಿನಿಂದ ರಾಜ್ಯದ ನಿಯಮವೇ ಬದಲಾಗಿದೆ. ನಮ್ಮ ಮಗಳ ಸಂಗತಿಗೆ ಬೇಕಾಗಿದ್ದ ಮಾತುಗಳು ಆ ಕಾಯ್ದೆಯ ಬೇರೆ ಭಾಗಗಳಲ್ಲಿದ್ದವು.

ಸೆಕ್ಷನ್ 3ರ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಶಿಕ್ಷಣ ಪಡೆಯುವ ಹಕ್ಕಿದೆ. ದಾಖಲಾತಿಗಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಯಾವ ಆಯ್ಕೆ ಪರೀಕ್ಷೆಗೂ ಒಳಪಡಿಸಬಾರದು ಎಂದು ಸೆಕ್ಷನ್ 13 ಹೇಳುತ್ತದೆ. ಒಳಪಡಿಸಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲವೂ 50,000 ರೂಪಾಯಿವರೆಗೆ ದಂಡವಿದೆ. ಹಿಂಬರಹದ ಎರಡನೆಯ ವಾಕ್ಯಕ್ಕೆ ಉತ್ತರ ಅಲ್ಲಿತ್ತು. ನಿಗದಿತ ಅವಧಿ ಮೀರಿದ ಮೇಲೆ ಕೇಳಿದರೂ ದಾಖಲಾತಿ ನಿರಾಕರಿಸಬಾರದೆಂಬ ಸೆಕ್ಷನ್ 15, ವಿಚಾರಣೆ ಜೂನ್‌ಗೆ ಹೋದಾಗ ನಮ್ಮನ್ನು ಕಾಪಾಡಿತು. ಇನ್ನು ಮೊದಲನೆಯ ವಾಕ್ಯಕ್ಕೆ, ಅಂದರೆ ವಿಶೇಷ ಶಿಕ್ಷಕರಿಲ್ಲ ಎಂಬ ಮಾತಿಗೆ, ಉತ್ತರ 2016ರ ಕಾಯ್ದೆಯಲ್ಲಿ ಸಿಕ್ಕಿತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ವಿಕಲಚೇತನ ಮಕ್ಕಳನ್ನು ತಾರತಮ್ಯವಿಲ್ಲದೆ ದಾಖಲಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಸಮಂಜಸ ಹೊಂದಾಣಿಕೆ ಮಾಡಬೇಕು ಎಂಬುದು ಅದರ ಸೆಕ್ಷನ್ 16. ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ಆರರಿಂದ ಹದಿನೆಂಟರ ಮಗು ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ತನ್ನ ಆಯ್ಕೆಯಂತೆ ಉಚಿತ ಶಿಕ್ಷಣ ಪಡೆಯಬಹುದು ಎಂಬುದು ಸೆಕ್ಷನ್ 31. "ತನ್ನ ಆಯ್ಕೆಯಂತೆ" ಎಂಬ ಪದಗಳ ಕೆಳಗೆ ನಾನು ಎರಡು ಗೆರೆ ಎಳೆದಿಟ್ಟುಕೊಂಡೆ. ವಿಶೇಷ ಶಾಲೆಗಳ ಬಗ್ಗೆ ನನಗೆ ಗೌರವವಿದೆ, ಅಲ್ಲಿಯೇ ಚೆನ್ನಾಗಿ ಕಲಿಯುವ ಮಕ್ಕಳಿದ್ದಾರೆ. ಆದರೆ ಅಲ್ಲಿಗೆ ಹೋಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಇನ್ನೊಂದು ಶಾಲೆಯ ಆಡಳಿತ ಮಂಡಳಿಯವರಲ್ಲ.

ಮೇಷ್ಟ್ರು ಇನ್ನೊಂದು ಸಂಗತಿಯನ್ನು ಮೊದಲೇ ವಿಚಾರಿಸಿಕೊಳ್ಳುವಂತೆ ಹೇಳಿದ್ದರು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ 2009ರ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರ ಪ್ರಮತಿ ಪ್ರಕರಣದಲ್ಲಿ ಹೇಳಿದೆ. ನಮ್ಮ ಶಾಲೆ ಆ ಪಟ್ಟಿಗೆ ಸೇರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ದೂರು ಬರೆಯಲು ಕುಳಿತೆ.

ದೂರು ಯಾರಿಗೆ ಕೊಡಬೇಕೆಂಬುದು 2009ರ ಕಾಯ್ದೆಯ ಸೆಕ್ಷನ್ 32ರಲ್ಲಿದೆ. ಮಗುವಿನ ಹಕ್ಕಿನ ಬಗ್ಗೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಎರಡೂ ಕಡೆಯವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಶಾಲೆಯ ಮೇಲೆ ಆಡಳಿತಾತ್ಮಕ ನಿಯಂತ್ರಣವಿರುವ ಪ್ರಾಧಿಕಾರವೂ ಸ್ಥಳೀಯ ಪ್ರಾಧಿಕಾರದ ವ್ಯಾಖ್ಯೆಯೊಳಗೆ ಬರುತ್ತದೆಯಾದ್ದರಿಂದ ಮೇ 3ರಂದು ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ, ಟಪಾಲು ಶಾಖೆಯಲ್ಲಿ ಎರಡು ಪ್ರತಿ ಇಟ್ಟು, ಒಂದರ ಮೇಲೆ ಆವಕ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಂಡು ಬಂದೆ. ಮೊಹರು ಬಿದ್ದ ಪ್ರತಿ ಇಲ್ಲದೆ ಯಾವ ಕಚೇರಿಯಿಂದಲೂ ಹಿಂತಿರುಗಬಾರದು. ಮೇ 31ರಂದು ನೋಟಿಸು ಬಂತು. ವಿಚಾರಣೆ ಜೂನ್ 12, ಬೆಳಿಗ್ಗೆ ಹನ್ನೊಂದು ಗಂಟೆಗೆ. ಅಷ್ಟರಲ್ಲಿ ಶಾಲೆಗಳು ತೆರೆದಿದ್ದವು. ನಮ್ಮ ಬೀದಿಯ ಮಕ್ಕಳು ಹೊಸ ಚೀಲ ಹಾಕಿಕೊಂಡು ಹೋಗುವುದನ್ನು ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಕೈಯಲ್ಲಿದ್ದದ್ದು ಹನ್ನೆರಡು ದಿನ. ಮೊದಲ ಮೂರು ದಿನಗಳನ್ನು ನಾನು ವ್ಯರ್ಥ ಮಾಡಿದೆ ಎಂದೇ ಹೇಳಬೇಕು. ಒಂಬತ್ತು ಪುಟಗಳ ಹೇಳಿಕೆ ಬರೆದಿದ್ದೆ. ಮಗಳು ಹುಟ್ಟಿದಾಗಿನಿಂದ ನಾವು ಪಟ್ಟ ಪಾಡು, ಮೈಸೂರಿಗೆ ಎಷ್ಟು ಸಲ ಹೋದೆವು, ಮುಖ್ಯೋಪಾಧ್ಯಾಯಿನಿಯವರು ಅರ್ಜಿ ಒಳಗಿಟ್ಟಾಗ ನಮಗೆ ಹೇಗಾಯಿತು, ಎಲ್ಲವೂ ಅದರಲ್ಲಿತ್ತು. ಮೇಷ್ಟ್ರು ಪೂರ್ತಿ ಓದಿ, "ಇದರಲ್ಲಿ ನಿನ್ನ ನೋವಿದೆ, ಮಗು ಎಲ್ಲಿದೆ? ಆ ಮಗು ಕ್ಲಾಸಲ್ಲಿ ಕೂತು ಹೇಗೆ ಪಾಠ ಕೇಳುತ್ತೆ ಅನ್ನೋದು ಒಂದು ಸಾಲೂ ಇಲ್ಲವಲ್ಲಪ್ಪ" ಎಂದರು. ಆ ಮಾತಿನಿಂದ ನನ್ನ ಸಿದ್ಧತೆಯ ದಿಕ್ಕೇ ಬದಲಾಯಿತು. ಶಾಲೆಯವರು ನಮ್ಮನ್ನು ನೋಯಿಸಿದರೆಂದು ಸಾಬೀತು ಮಾಡಿದರೆ ಅಧಿಕಾರಿಗಳು ವಿಷಾದಿಸಬಹುದು, ಅಷ್ಟೇ. ನಾವು ಸಾಬೀತು ಮಾಡಬೇಕಾಗಿದ್ದದ್ದು ಈ ಮಗುವಿಗೆ ಬೇಕಾದ ಹೊಂದಾಣಿಕೆ ಎಷ್ಟು ಚಿಕ್ಕದು ಎಂಬುದನ್ನು.

ಅದನ್ನು ಬರೆಯಲು ನನಗೆ ಬರುತ್ತಿರಲಿಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಶಿಕ್ಷಕರಿರುತ್ತಾರೆ. ಸಾಮಾನ್ಯ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಅವರನ್ನು ನೇಮಿಸಿರುವುದು. ಈ ಸಂಗತಿ ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ಶಿಕ್ಷಕಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಎರಡು ಗಂಟೆ ಮಗಳ ಜೊತೆ ಕುಳಿತರು. ಬೆಳಿಗ್ಗೆ ಯಂತ್ರ ಹಾಕಿದ ಮೇಲೆ ನಾವು ದಿನವೂ ಮಾಡುವ ಪರೀಕ್ಷೆಯನ್ನು ತೋರಿಸಲು ಹೇಳಿದರು. ಅದನ್ನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನನ್ನ ಹೆಂಡತಿಗೆ ಕಲಿಸಿದ್ದರು. ಅವಳು ಮಗಳಿಂದ ಮೂರು ಮಾರು ದೂರದಲ್ಲಿ ನಿಂತು, ತುಟಿ ಕಾಣದಂತೆ ಬಾಯಿಗೆ ಹಾಳೆ ಅಡ್ಡ ಹಿಡಿದು, ಆ, ಈ, ಊ, ಶ್, ಸ್, ಮ್ ಎಂಬ ಆರು ಸದ್ದುಗಳನ್ನು ಕ್ರಮ ತಪ್ಪಿಸಿ ಒಂದೊಂದಾಗಿ ಹೇಳುತ್ತಾಳೆ; ಮಗಳು ಕೇಳಿಸಿದ್ದನ್ನು ಹಾಗೆಯೇ ತಿರುಗಿ ಹೇಳುತ್ತಾಳೆ. ಮಾತಿನಲ್ಲಿ ಬರುವ ಕೆಳಸ್ಥಾಯಿಯ ಸದ್ದಿನಿಂದ ಮೇಲುಸ್ಥಾಯಿಯ ಸದ್ದಿನವರೆಗೆ ಈ ಆರರೊಳಗೇ ಬಂದುಬಿಡುತ್ತವೆ. ಆರೂ ಕೇಳಿಸಿದರೆ ಯಂತ್ರ ಸರಿಯಿದೆ ಎಂದರ್ಥ. 'ಸ್' ಮಾತ್ರ ತಪ್ಪಿದರೆ ಕಿವಿಯ ಅಚ್ಚನ್ನೋ ಬ್ಯಾಟರಿಯನ್ನೋ ನೋಡಬೇಕು. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಶಿಕ್ಷಕಿ ಆ ದಿನ ಕಂಡದ್ದನ್ನು ತಮ್ಮ ವರದಿಯಲ್ಲಿ ಬರೆದುಕೊಟ್ಟರು.

ಅವರ ಜೊತೆ ಕುಳಿತು ತರಗತಿಯಲ್ಲಿ ಬೇಕಾದ ಹೊಂದಾಣಿಕೆಗಳನ್ನು ಒಂದೇ ಪುಟದಲ್ಲಿ ಬರೆದೆವು. ಮಗು ಮೊದಲ ಅಥವಾ ಎರಡನೆಯ ಸಾಲಿನಲ್ಲಿ, ಕಿಟಕಿಯಿಂದಲೂ ಫ್ಯಾನಿನಿಂದಲೂ ದೂರದಲ್ಲಿ ಕೂರಬೇಕು. ಕಾರಣವನ್ನೂ ಜೊತೆಗೇ ಬರೆದೆವು: ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಶ್ರವಣ ಸಾಧನವು ಶಿಕ್ಷಕಿಯ ದನಿಯ ಜೊತೆಗೆ ಫ್ಯಾನಿನ ಸದ್ದನ್ನೂ ಹೆಚ್ಚಿಸುತ್ತದೆ. ಶಿಕ್ಷಕಿಯರು ಕಪ್ಪುಹಲಗೆಯ ಕಡೆಗೆ ತಿರುಗಿ ಬರೆಯುವಾಗ ಮಾತನಾಡದೆ, ಬರೆದು ಮುಗಿಸಿ ಮಕ್ಕಳ ಕಡೆ ತಿರುಗಿ ಹೇಳಬೇಕು. ಉಕ್ತಲೇಖನದ ಪದಗಳನ್ನು ತುಟಿ ಕಾಣುವಂತೆ ನಿಂತು ಹೇಳಬೇಕು. ಇವುಗಳಲ್ಲಿ ಒಂದಕ್ಕೂ ಶಾಲೆಗೆ ಒಂದು ರೂಪಾಯಿ ಖರ್ಚಿಲ್ಲ, ವಿಶೇಷ ಶಿಕ್ಷಕರೂ ಬೇಕಿಲ್ಲ. ಬೇಕಾದಾಗ ಬಂದು ಮಾರ್ಗದರ್ಶನ ಕೊಡುವ ಹೊಣೆ ಸಂಪನ್ಮೂಲ ಶಿಕ್ಷಕಿಯದು. ಈ ಒಂದು ಪುಟ ನನ್ನ ಒಂಬತ್ತು ಪುಟಗಳ ಜಾಗಕ್ಕೆ ಬಂತು.

ಮಗಳು ಮೂರು ವರ್ಷ ಹೋಗಿದ್ದ ಅಂಗನವಾಡಿಯ ಕಾರ್ಯಕರ್ತೆಯವರೂ ಒಂದು ಪತ್ರ ಕೊಟ್ಟರು. "ಚೆನ್ನಾಗಿ ಕಲಿಯುತ್ತಾಳೆ ಎಂದು ಬರೆದುಕೊಡಿ" ಎಂದು ನಾನು ಕೇಳಿದ್ದೆ. ನನ್ನ ಹೆಂಡತಿ ತಡೆದು, "ಚೆನ್ನಾಗಿ ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ ರೀ. ಅವಳು ಏನು ಮಾಡ್ತಾಳೋ ಅದನ್ನ ಬರೀಲಿ ಮೇಡಂ" ಎಂದಳು. ಅವರು ಹಾಗೆಯೇ ಬರೆದರು: ಹಾಜರಾತಿ ಕರೆದಾಗ ತನ್ನ ಸರದಿಗೆ ಉತ್ತರಿಸುತ್ತಾಳೆ, ಇಪ್ಪತ್ತರವರೆಗೆ ಎಣಿಸುತ್ತಾಳೆ, ಕಥೆ ಕೇಳಿ ಅದರಲ್ಲಿ ಮುಂದೇನಾಯಿತೆಂದು ಹೇಳುತ್ತಾಳೆ, ಗದ್ದಲ ಹೆಚ್ಚಾದಾಗ ಹತ್ತಿರ ಬಂದು ಕೇಳುತ್ತಾಳೆ. ಕೊನೆಯ ಮಾತನ್ನು ತೆಗೆಸಬೇಕೆಂದು ನನಗೆ ಮೊದಲು ಅನ್ನಿಸಿತ್ತು. ತೆಗೆಸದೆ ಇದ್ದದ್ದೇ ಸರಿಯಾಯಿತು. ಕಷ್ಟವಾಗುವ ಜಾಗವನ್ನು ನಾವೇ ಹೇಳಿಕೊಂಡಿದ್ದರಿಂದ ಉಳಿದ ಮಾತುಗಳಿಗೂ ತೂಕ ಬಂತು.

ಕಾಗದಗಳನ್ನು ಜೋಡಿಸುವುದು ನನಗೆ ಗೊತ್ತಿದ್ದ ಕೆಲಸ. ಕಿರ್ದಿ ಬರೆದಂತೆ ದಿನಾಂಕದ ಕ್ರಮದಲ್ಲಿ ಎಲ್ಲವನ್ನೂ ಇಟ್ಟು, ಪ್ರತಿ ಹಾಳೆಯ ಬಲ ಮೇಲ್ಮೂಲೆಯಲ್ಲಿ ಪುಟಸಂಖ್ಯೆ ಹಾಕಿ, ಮೇಲೆ ಒಂದು ಪುಟದ ದಿನಾಂಕವಾರು ಪಟ್ಟಿ ಇಟ್ಟೆ: ಯಾವ ದಿನ ಏನಾಯಿತು, ಅದಕ್ಕೆ ಯಾವ ಪುಟದಲ್ಲಿ ಆಧಾರವಿದೆ, ಇಷ್ಟೇ. ಒಟ್ಟು ಇಪ್ಪತ್ತೆರಡು ಪುಟಗಳಾದವು. ಮೂರು ಪ್ರತಿ ಮಾಡಿಸಿದೆ. ಒಂದು ಅಧಿಕಾರಿಗಳಿಗೆ, ಒಂದು ಶಾಲೆಯವರಿಗೆ, ಒಂದು ನಮಗೆ. ಹೀಗೆ ಜೋಡಿಸುವಾಗ ಒಂದು ತೊಡಕು ಕಣ್ಣಿಗೆ ಬಿತ್ತು. ಜನನ ಪ್ರಮಾಣ ಪತ್ರದಲ್ಲಿ ಮಗಳ ಹೆಸರಿನ ಮುಂದೆ ನನ್ನ ಇನಿಷಿಯಲ್ ಇರಲಿಲ್ಲ, ಆಧಾರ್‌ನಲ್ಲಿ ಇತ್ತು, ವಿಕಲಚೇತನರಿಗೆ ಕೊಡುವ ಯು.ಡಿ.ಐ.ಡಿ. ಗುರುತಿನ ಕಾರ್ಡಿನಲ್ಲಿ ಹೆಸರಿನ ಕೊನೆಗೆ ನನ್ನ ಪೂರ್ತಿ ಹೆಸರೇ ಸೇರಿಕೊಂಡಿತ್ತು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ದಾಖಲಾತಿ ನಿರಾಕರಿಸುವಂತಿಲ್ಲವೆಂದು ಸೆಕ್ಷನ್ 14 ಹೇಳುತ್ತದೆ, ನಿಜ. ಆದರೂ ವಿಚಾರಣೆಯ ಹತ್ತು ನಿಮಿಷ ಇದರಲ್ಲೇ ಹೋಗಬಾರದೆಂದು ಮೂರೂ ಹೆಸರು ಒಬ್ಬಳೇ ಮಗುವಿನದು ಎಂದು ನೋಟರಿಯವರಿಂದ ಅಫಿಡವಿಟ್ ಮಾಡಿಸಿ ಸೇರಿಸಿದೆ.

ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆಯ ಬಗ್ಗೆ ಒಂದು ಮಾತು. ಅದನ್ನು ಸುಮ್ಮನೆ ಲಗತ್ತಿಸಿದರೆ ಓದುವವರಿಗೆ ಅದು ಗೆರೆಗಳ ಚಿತ್ರ ಮಾತ್ರ. ನಮ್ಮ ಮಗಳದು ಬಲಗಿವಿ 64, ಎಡಗಿವಿ 67 ಡೆಸಿಬಲ್. 2016ರ ಕಾಯ್ದೆಯ ಅನುಸೂಚಿಯಲ್ಲಿ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದವರನ್ನು ಕಿವುಡರೆಂದೂ, 60ರಿಂದ 70ರ ನಡುವಿನವರನ್ನು ಶ್ರವಣ ಮಂದತೆಯುಳ್ಳವರೆಂದೂ ಬೇರೆ ಬೇರೆಯಾಗಿ ಹೇಳಿದೆ. ಸಾಮಾನ್ಯ ಸಂಭಾಷಣೆಯ ದನಿ ಸುಮಾರು 60 ಡೆಸಿಬಲ್ ಇರುತ್ತದೆ. ಯಂತ್ರವಿಲ್ಲದೆ ಅವಳಿಗೆ ಮಾತು ಕೇಳಿಸುವುದಿಲ್ಲ, ಯಂತ್ರವಿದ್ದಾಗ ಹತ್ತಿರದ ಮಾತು ಕೇಳಿಸುತ್ತದೆ ಎಂದು ಎರಡು ವಾಕ್ಯದಲ್ಲಿ ಬರೆದು, ಯಂತ್ರ ಹಾಕಿದಾಗಿನ ಪರೀಕ್ಷೆಯ ಫಲಿತಾಂಶವನ್ನೂ ಪಕ್ಕಕ್ಕೆ ಇಟ್ಟೆ. ಯಂತ್ರ ಹಾಕದಿದ್ದಾಗಿನ ಅಂಕಿಗಳನ್ನು ಮಾತ್ರ ಕೊಟ್ಟಿದ್ದರೆ ನಮ್ಮ ಕಾಗದವೇ ನಮಗೆ ಎದುರಾಗುತ್ತಿತ್ತು.

ಏನನ್ನು ಕೇಳಬೇಕು ಎಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿತ್ತು. ಸೆಕ್ಷನ್ 13ರ ದಂಡವನ್ನೂ ಹಾಕಿಸಬೇಕೆಂದು ನನ್ನ ಭಾವಮೈದುನನ ವಾದ. ಹಾಕಿಸಲು ಆಧಾರವೂ ಇತ್ತು. ನಾನು ಬೇಡವೆಂದೆ. ನಮ್ಮ ಮಗಳು ಇನ್ನು ಏಳು ವರ್ಷ ಅದೇ ಶಿಕ್ಷಕಿಯರ ಮುಂದೆ ಕೂರಬೇಕು. ನಮಗೆ ಬೇಕಾಗಿದ್ದದ್ದು ದಾಖಲಾತಿ, ಆ ಒಂದು ಪುಟದ ಹೊಂದಾಣಿಕೆ, ಇಂತಿಷ್ಟು ದಿನದೊಳಗೆ ಎಂಬ ಗಡುವು. ಈ ಮೂರನ್ನೇ ಕೋರಿಕೆಯಾಗಿ ಬರೆದೆ. ಇದು ಎಲ್ಲರಿಗೂ ಒಪ್ಪುವ ತೀರ್ಮಾನವಲ್ಲವೆಂದು ನನಗೆ ಗೊತ್ತು. ಆದರೆ ಕೋರಿಕೆ ಇಷ್ಟು ಸ್ಪಷ್ಟವಾಗಿದ್ದರೆ ಅಧಿಕಾರಿಗಳು ಅದನ್ನೇ ಆದೇಶವಾಗಿ ಬರೆಯಲು ಸುಲಭವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡೆ.

ಮಗಳನ್ನು ವಿಚಾರಣೆಗೆ ಕರೆದೊಯ್ಯಬೇಕೇ ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆಯಾಗಿತ್ತು. ಅವಳು ಮಾತನಾಡುವುದನ್ನು ಕೇಳಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲವೆಂದು ಬಂಧುಗಳೆಲ್ಲ ಹೇಳಿದರು. ನನಗೂ ಆಸೆಯಿತ್ತು. ಆದರೆ ಅಪರಿಚಿತ ಕೋಣೆ, ಮೇಲೆ ತಿರುಗುವ ಫ್ಯಾನು, ಒಟ್ಟಿಗೆ ಮಾತನಾಡುವ ದೊಡ್ಡವರು. ಅಲ್ಲಿ ಅವಳು ಒಂದು ಪ್ರಶ್ನೆಗೆ ತಡವರಿಸಿದರೆ ಅದೇ ಪರೀಕ್ಷೆಯಾಗಿ, ಅದರಲ್ಲಿ ಅವಳು ಸೋತಂತೆ ಆಗುತ್ತಿತ್ತು. ಪರೀಕ್ಷೆ ಮಾಡುವುದೇ ತಪ್ಪೆಂದು ವಾದಿಸಲು ಹೋಗುವವರು ಮಗುವನ್ನು ತಾವಾಗಿಯೇ ಪರೀಕ್ಷೆಗೆ ಒಡ್ಡಬಾರದು ಎಂದು ನನ್ನ ಹೆಂಡತಿ ಹೇಳಿದಳು. ಅವಳ ಮಾತಿನಂತೆ ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋದೆವು. ಇದನ್ನು ಓದುವ ತಂದೆತಾಯಿಗಳಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ: ನೋಟಿಸಿನಲ್ಲಿ ಮಗುವನ್ನು ಹಾಜರುಪಡಿಸಬೇಕೆಂದು ಬರೆದಿಲ್ಲದಿದ್ದರೆ ಕರೆದೊಯ್ಯಬೇಡಿ.

ಹಿಂದಿನ ಎರಡು ರಾತ್ರಿ ಮನೆಯಲ್ಲಿಯೇ ಅಭ್ಯಾಸ ಮಾಡಿದೆವು. ಭಾವಮೈದುನ ಶಾಲೆಯ ಕಾರ್ಯದರ್ಶಿಗಳ ಜಾಗದಲ್ಲಿ ಕುಳಿತು, ಮೇಷ್ಟ್ರು ಅಧಿಕಾರಿಗಳ ಜಾಗದಲ್ಲಿ ಕುಳಿತು ಪ್ರಶ್ನೆ ಕೇಳಿದರು. ಸೀಟು ಭರ್ತಿಯಾಗಿದೆ ಎಂದರೆ ಏನು ಹೇಳುವುದು? ಹಿಂಬರಹದಲ್ಲಿ ಆ ಕಾರಣ ಇಲ್ಲವೆಂದು ಪುಟಸಂಖ್ಯೆ ಹೇಳಿ ತೋರಿಸುವುದು. ಇತರ ಮಕ್ಕಳಿಗೆ ತೊಂದರೆ ಎಂದರೆ? ಅಂಗನವಾಡಿಯ ಪತ್ರ. ನನಗೆ ಮಾತು ಬೇಗ ಏರುತ್ತದೆ. ಅದನ್ನು ಕಂಡು ಮೇಷ್ಟ್ರು, ಪ್ರಶ್ನೆ ಕೇಳಿದ ಮೇಲೆ ಮೊದಲು ಕಡತದ ಪುಟ ತೆಗೆ, ಆಮೇಲೆ ಬಾಯಿ ತೆಗೆ ಎಂದರು. ಪುಟ ತಿರುಗಿಸುವಷ್ಟು ಹೊತ್ತಿನಲ್ಲಿ ಸಿಟ್ಟು ಇಳಿಯುತ್ತಿತ್ತು.

ವಿಚಾರಣೆ ಇಪ್ಪತ್ತೈದು ನಿಮಿಷ ನಡೆಯಿತು. ಅಧಿಕಾರಿಗಳು ದಿನಾಂಕವಾರು ಪಟ್ಟಿಯನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳಿದರು. ಕಾರ್ಯದರ್ಶಿಗಳು ಮೊದಲು ನಾವು ಅರ್ಜಿಯನ್ನೇ ಕೊಟ್ಟಿಲ್ಲವೆಂದು ಹೇಳಲು ಆರಂಭಿಸಿದರು. ನಾಲ್ಕನೇ ಪುಟದ ಅಂಚೆ ಸ್ವೀಕೃತಿಯನ್ನೂ ಐದನೇ ಪುಟದ ಅವರದೇ ಹಿಂಬರಹವನ್ನೂ ನೋಡಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ಮಗುವಿನ ಹಿತ, ಶಿಕ್ಷಕರ ಕೊರತೆ ಎಂಬ ಮಾತುಗಳು ಬಂದವು. ನಾನು ಸೆಕ್ಷನ್‌ಗಳನ್ನು ಓದಿ ಹೇಳಿದೆ, ಆದರೆ ಅಧಿಕಾರಿಗಳು ಹೆಚ್ಚು ಹೊತ್ತು ನೋಡಿದ್ದು ಹೊಂದಾಣಿಕೆಗಳ ಆ ಪುಟವನ್ನೇ. ಒಂದೊಂದನ್ನಾಗಿ ಓದಿ, ಮುಖ್ಯೋಪಾಧ್ಯಾಯಿನಿಯವರನ್ನು "ಇದರಲ್ಲಿ ಯಾವುದು ಮಾಡೋಕೆ ಆಗಲ್ಲ ಹೇಳಿ ಮೇಡಂ" ಎಂದು ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದಿಷ್ಟೇ ಅಂದ್ರೆ ಮಾಡಬಹುದು ಸಾರ್. ನಮಗೆ ಯಾರೂ ಇದನ್ನ ಹೇಳಿರಲಿಲ್ಲ" ಎಂದರು. ಅವರು ಪ್ರಾಮಾಣಿಕವಾಗಿಯೇ ಹಾಗೆ ಹೇಳಿದರೆಂದು ನಾನು ನಂಬುತ್ತೇನೆ. ಏಪ್ರಿಲ್ 8ರಂದು ಆ ಪುಟ ನಮ್ಮ ಕೈಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ನಾವು ಅಭ್ಯಾಸ ಮಾಡದ ಪ್ರಶ್ನೆಯೊಂದು ಕೊನೆಗೆ ಬಂತು. ಪಾಠದ ಮಧ್ಯೆ ಯಂತ್ರ ಕೆಟ್ಟರೆ ಶಾಲೆಯವರು ಏನು ಮಾಡಬೇಕು ಎಂದು ಅಧಿಕಾರಿಗಳು ಕೇಳಿದರು. ನಾನು ಕಡತ ತಿರುಗಿಸಿದೆ, ಅದರಲ್ಲಿ ಉತ್ತರವಿರಲಿಲ್ಲ. ನನ್ನ ಹೆಂಡತಿ ತನ್ನ ಪರ್ಸಿನಿಂದ ಕಿತ್ತಳೆ ಬಣ್ಣದ ಅಂಟುಚೀಟಿಯಿರುವ 13ನೇ ನಂಬರಿನ ಬ್ಯಾಟರಿಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಹೆಚ್ಚಾಗಿ ಇದು ಮುಗಿದಿರುತ್ತೆ ಸಾರ್, ಅಷ್ಟೇ. ಈ ಚೀಟಿ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿದ್ರೆ ಸರಿಹೋಗುತ್ತೆ. ಅವಳೇ ಹಾಕ್ಕೋತಾಳೆ, ಬ್ಯಾಗಲ್ಲಿ ಎರಡು ಇಟ್ಟಿರ್ತೀನಿ. ಅದಕ್ಕೂ ಆಗದಿದ್ರೆ ನನಗೆ ಒಂದು ಫೋನ್ ಮಾಡಲಿ, ಹತ್ತು ನಿಮಿಷಕ್ಕೆ ಬರ್ತೀನಿ" ಎಂದಳು. ಮುಖ್ಯೋಪಾಧ್ಯಾಯಿನಿಯವರು ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಮತ್ತೆ ಅವಳ ಮುಂದೆಯೇ ಇಟ್ಟರು.

ಜೂನ್ 21ರ ಆದೇಶದಲ್ಲಿ ಮೂರು ಕೋರಿಕೆಗಳೂ ಇದ್ದವು. ಏಳು ದಿನಗಳ ಗಡುವು ಇತ್ತು. ಹೊಂದಾಣಿಕೆಯ ಪುಟವನ್ನು ಆದೇಶದ ಅನುಬಂಧವಾಗಿ ಸೇರಿಸಿದ್ದರು. ಮಗುವಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ಅಂದೇ ತಿದ್ದಿಸಿ, ದೃಢೀಕೃತ ನಕಲು ಪಡೆದು, 24ರ ಸೋಮವಾರ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿಯವರು ಅದೇ ಖಾನೆಯಿಂದ ನಮೂನೆ ತೆಗೆದು ತಾವೇ ತುಂಬಿದರು. ದಾಖಲಾತಿ ಮುಗಿದು ಪ್ರತಿ ವಿದ್ಯಾರ್ಥಿಗೂ ಇಲಾಖೆ ಕೊಡುವ ಎಸ್.ಎ.ಟಿ.ಎಸ್. ಗುರುತಿನ ಸಂಖ್ಯೆಯನ್ನು ಬರೆದುಕೊಟ್ಟ ಮೇಲೆ, ಒಂದನೇ ತರಗತಿಯ ಶಿಕ್ಷಕಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಆ ಆರು ಸದ್ದುಗಳು ಯಾವುವು ಎಂದು ಕೇಳಿ ಬರೆದುಕೊಂಡರು. ಆಗಸ್ಟ್‌ನಲ್ಲಿ ಪೋಷಕರ ಸಭೆಗೆ ಹೋದಾಗ ನೋಡಿದೆ: ತರಗತಿಯ ಬೀರುವಿನ ಬಾಗಿಲಿನ ಒಳಭಾಗದಲ್ಲಿ ಆ, ಈ, ಊ, ಶ್, ಸ್, ಮ್ ಎಂದು ಬರೆದ ಚೀಟಿ ಅಂಟಿಸಿತ್ತು, ಕೆಳಗಿನ ಅರೆಯಲ್ಲಿ ಒಂದು ಡಬ್ಬಿಯೊಳಗೆ ಎರಡು ಬ್ಯಾಟರಿಗಳಿದ್ದವು.